ಆಗ್ನರ್ ಕ್ರಾರುಪ್ ಎರ್ಲಾಂಗ್

ಆಗ್ನರ್ ಕ್ರಾರುಪ್ ಎರ್ಲಾಂಗ್ (ಜನವರಿ 1, 1878 – ಫೆಬ್ರುವರಿ 3, 1929) ಡೆನ್ಮಾರ್ಕ್ ದೇಶದ ಗಣಿತಜ್ಞ, ಸಂಖ್ಯಾಶಾಸ್ತ್ರಜ್ಞ ಮತ್ತು ದೂರವಾಣಿ ಎಂಜಿನಿಯರ್. ದೂರವಾಣಿ ವಿನಿಮಯ ಕೇಂದ್ರಗಳ ಮೇಲೆ ಬೀಳುವ ಹೊರೆಯನ್ನು ಸಂಭವನೀಯತೆಯ ಗಣಿತದಿಂದ ಲೆಕ್ಕ ಹಾಕುವ ವಿಧಾನವನ್ನು ರೂಪಿಸಿದವರು ಇವರು. ಸರದಿ ಸಿದ್ಧಾಂತ ಎಂಬ ಗಣಿತ ಶಾಖೆ ಇವರ ಲೇಖನಗಳಿಂದ ಆರಂಭವಾಯಿತೆಂದು ಪರಿಗಣಿಸಲಾಗಿದೆ. ದೂರವಾಣಿ ದಟ್ಟಣೆಯ ಅಳತೆಯ ಮಾನಕ್ಕೆ ಎರ್ಲಾಂಗ್ ಎಂದೇ ಹೆಸರಿಡಲಾಗಿದೆ. ಕಂಪ್ಯೂಟರುಗಳ ಕಾಲದಲ್ಲಿ, ಮುಖ್ಯವಾಗಿ ಡೇಟಾಬೇಸ್ ಸರ್ವರುಗಳು ಸೆಕೆಂಡಿಗೆ ಎಷ್ಟು ಕ್ವೆರಿಗಳನ್ನು ಪೂರೈಸುತ್ತಿವೆ ಎಂಬುದನ್ನು ಅವುಗಳ ಕೆಲಸಕ್ಕೆ ಅಡ್ಡಿಯಾಗದಂತೆ ಅಳೆಯುವಲ್ಲಿ, ಇವರ ವಿಚಾರಗಳು ಇಂದಿಗೂ ಬಳಕೆಯಲ್ಲಿವೆ.

ಜನನ ಮತ್ತು ಬಾಲ್ಯ

ಎರ್ಲಾಂಗ್ ಅವರು ಡೆನ್ಮಾರ್ಕಿನ ಜುಟ್ಲೆಂಡ್ ಪ್ರಾಂತ್ಯದ ಟಾರ್ಮ್ ಪಟ್ಟಣದ ಸಮೀಪದ ಲೋನ್‌ಬೋರ್ಗ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಹಾನ್ಸ್ ನೀಲ್ಸೆನ್ ಎರ್ಲಾಂಗ್ ಆ ಹಳ್ಳಿಯ ಶಾಲೆಯ ಉಪಾಧ್ಯಾಯರು. ಚರ್ಚಿನ ಗುಮಾಸ್ತಿಕೆಯನ್ನೂ ನೋಡಿಕೊಳ್ಳುತ್ತಿದ್ದರು. ತಾಯಿ ಮಾಗ್ಡಲೇನ್ ಕ್ರಾರುಪ್ ಪಾದ್ರಿಗಳ ಮನೆತನದವರು. ತಾಯಿಯ ಪೂರ್ವಿಕರಲ್ಲಿ ತೋಮಸ್ ಫಿಂಕೆ ಎಂಬ ಗಣಿತಜ್ಞರಿದ್ದರು. ತ್ರಿಕೋನಮಿತಿಯಲ್ಲಿ ವಿದ್ಯಾರ್ಥಿಗಳು ಇಂದಿಗೂ ಕಲಿಯುವ ಟ್ಯಾಂಜೆಂಟ್ ಮತ್ತು ಸೀಕೆಂಟ್ ಎಂಬ ಹೆಸರುಗಳನ್ನು 1583ರ ತಮ್ಮ ಗ್ರಂಥದಲ್ಲಿ ಬಳಕೆಗೆ ತಂದವರು ಈ ಫಿಂಕೆ ಅವರೇ.

ಆಗ್ನರ್‌ಗೆ ಫ್ರೆಡರಿಕ್ ಎಂಬ ಅಣ್ಣನೂ, ಮಾರಿ ಮತ್ತು ಇಂಗೆಬೋರ್ಗ್ ಎಂಬ ತಂಗಿಯರೂ ಇದ್ದರು. ಮಕ್ಕಳ ಆರಂಭದ ವಿದ್ಯಾಭ್ಯಾಸ ತಂದೆಯ ಶಾಲೆಯಲ್ಲಿಯೇ ನಡೆಯಿತು. ಸಂಜೆ ಅಣ್ಣ ಪುಸ್ತಕ ಹಿಡಿದು ಓದುತ್ತಿದ್ದರೆ, ಮೇಜಿನ ಎದುರು ಬದಿಯಲ್ಲಿ ಕುಳಿತ ಆಗ್ನರ್ ಅದೇ ಪುಟವನ್ನು ತಲೆಕೆಳಗಾಗಿ ಓದಿಕೊಳ್ಳುತ್ತಿದ್ದನೆಂದು ಅವರ ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಬಾಲ್ಯದಲ್ಲಿ ಆತನಿಗೆ ಎಲ್ಲಕ್ಕಿಂತ ಪ್ರಿಯವಾಗಿದ್ದುದು ಖಗೋಳಶಾಸ್ತ್ರ.

ವಿದ್ಯಾಭ್ಯಾಸ

ಹದಿನಾಲ್ಕನೆಯ ವಯಸ್ಸಿನಲ್ಲಿ ಎರ್ಲಾಂಗ್ ಕೋಪನ್‌ಹೇಗನ್‌ನಲ್ಲಿ ವಿಶ್ವವಿದ್ಯಾನಿಲಯದ ಪ್ರಾಥಮಿಕ ಪರೀಕ್ಷೆಗೆ ಕುಳಿತು ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದರು. ನಿಗದಿತ ವಯಸ್ಸು ಇನ್ನೂ ತುಂಬಿರದ ಕಾರಣ ಅದಕ್ಕೆ ವಿಶೇಷ ಅನುಮತಿ ಪಡೆಯಬೇಕಾಯಿತು. ನಂತರ ಊರಿಗೆ ಮರಳಿ ಎರಡು ವರ್ಷ ತಂದೆಯ ಶಾಲೆಯಲ್ಲಿ ಸಹಾಯಕ ಶಿಕ್ಷಕರಾಗಿದ್ದರು. ಆ ಅವಧಿಯಲ್ಲಿ ಫ್ರೆಂಚ್ ಮತ್ತು ಲ್ಯಾಟಿನ್ ಭಾಷೆಗಳನ್ನು ಕಲಿತರು. 1896ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಉಪಾಧ್ಯಾಯರ ಸಂಬಳದಲ್ಲಿ ಮಗನನ್ನು ರಾಜಧಾನಿಯಲ್ಲಿ ಓದಿಸುವುದು ತಂದೆಗೆ ಸುಲಭವಾಗಿರಲಿಲ್ಲ. ವಿಶ್ವವಿದ್ಯಾನಿಲಯವೇ ಉಚಿತ ಊಟ ಮತ್ತು ವಸತಿ ನೀಡಿದ್ದರಿಂದ ವ್ಯಾಸಂಗ ಸಾಧ್ಯವಾಯಿತು.

1901ರಲ್ಲಿ ಅವರು ಗಣಿತವನ್ನು ಮುಖ್ಯ ವಿಷಯವಾಗಿಯೂ, ಖಗೋಳಶಾಸ್ತ್ರ, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳನ್ನು ಉಪವಿಷಯಗಳಾಗಿಯೂ ತೆಗೆದುಕೊಂಡು ಪದವಿ ಪಡೆದರು. ಮುಂದಿನ ಏಳು ವರ್ಷ ಹಲವು ಶಾಲೆಗಳಲ್ಲಿ ಅಧ್ಯಾಪಕರಾಗಿ ದುಡಿದರು. ಸಭೆ ಸಮಾರಂಭಗಳಿಂದ ದೂರವಿರುವ, ಮಿತಭಾಷಿ ಸ್ವಭಾವದವರಾದರೂ ಪಾಠ ಹೇಳುವುದರಲ್ಲಿ ಅವರು ಸಮರ್ಥರಾಗಿದ್ದರು. ಅಧ್ಯಾಪಕರಾಗಿದ್ದಾಗಲೇ ಗಣಿತದ ಅಧ್ಯಯನವನ್ನು ಮುಂದುವರಿಸಿದರು. ಹೈಗೆನ್ಸ್ ಅವರ ಅತ್ಯಲ್ಪ ಪರಿಮಾಣಗಳ ಗಣಿತವನ್ನು ಕುರಿತು ವಿಶ್ವವಿದ್ಯಾನಿಲಯ ಏರ್ಪಡಿಸಿದ್ದ ಬಹುಮಾನ ಸ್ಪರ್ಧೆಗೆ ಬರೆದ ಪ್ರಬಂಧಕ್ಕೆ 1904ರಲ್ಲಿ ಮನ್ನಣೆ ದೊರೆಯಿತು.

ದೂರವಾಣಿ ಕಂಪನಿಗೆ

ಎರ್ಲಾಂಗ್ ಡೆನ್ಮಾರ್ಕಿನ ಗಣಿತ ಸಂಘದ ಸದಸ್ಯರಾಗಿದ್ದರು. ಅದರ ಸಭೆಗಳಲ್ಲಿ ಅವರಿಗೆ ಯೋಹಾನ್ ಯೆನ್ಸನ್ ಅವರ ಪರಿಚಯವಾಯಿತು. ಯೆನ್ಸನ್ ಅವರು ಕೋಪನ್‌ಹೇಗನ್ ದೂರವಾಣಿ ಕಂಪನಿಯಲ್ಲಿ ಎಂಜಿನಿಯರ್. ಬಿಡುವಿನ ವೇಳೆಯಲ್ಲಿ ಗಣಿತದ ಸಂಶೋಧನೆ ನಡೆಸುತ್ತಿದ್ದ ಇವರ ಹೆಸರಿನ ಅಸಮತೆಯನ್ನು ಇಂದು ಗಣಿತದ ಸ್ನಾತಕೋತ್ತರ ವಿದ್ಯಾರ್ಥಿಗಳೆಲ್ಲ ಓದುತ್ತಾರೆ. ಅವರು ಎರ್ಲಾಂಗರನ್ನು ಕಂಪನಿಯ ಆಡಳಿತ ನಿರ್ದೇಶಕ ಫ್ರಿಟ್ಸ್ ಯೋಹಾನ್ಸೆನ್ ಅವರಿಗೆ ಪರಿಚಯಿಸಿದರು. ಕರೆಗಳ ಸಂಖ್ಯೆಗೂ ಗ್ರಾಹಕರು ಕಾಯಬೇಕಾದ ಸಮಯಕ್ಕೂ ಇರುವ ಸಂಬಂಧವನ್ನು ಯೋಹಾನ್ಸೆನ್ ಸ್ವತಃ ಪರಿಶೀಲಿಸಿ ಬರೆದಿದ್ದರು. ಆದರೆ ಸಮಸ್ಯೆಗೆ ಇನ್ನೂ ಆಳವಾದ ಗಣಿತ ಬೇಕೆಂಬುದು ಅವರಿಗೆ ಮನವರಿಕೆಯಾಗಿತ್ತು. 1908ರಲ್ಲಿ ಎರ್ಲಾಂಗ್ ಕಂಪನಿಯನ್ನು ಸೇರಿದರು. ಮುಂದೆ ಅಲ್ಲಿನ ಪ್ರಯೋಗಾಲಯದ ಮುಖ್ಯಸ್ಥರಾದರು. ಕೊನೆಯವರೆಗೂ ಅವರು ಅದೇ ಕಂಪನಿಯಲ್ಲಿದ್ದರು.

ಪ್ರಯೋಗಾಲಯದ ಮುಖ್ಯಸ್ಥರೆಂಬ ಹುದ್ದೆಯ ಹೆಸರು ದೊಡ್ಡದಾಗಿದ್ದರೂ ಆರಂಭದಲ್ಲಿ ಅವರ ಕೈಕೆಳಗೆ ಸಿಬ್ಬಂದಿಯೇ ಇರಲಿಲ್ಲ. ನೆಲದಡಿಯ ತಂತಿಗಳಲ್ಲಿ ಸೋರಿ ಹರಿಯುವ ವಿದ್ಯುತ್ತನ್ನು ಅವರೇ ಹೋಗಿ ಅಳೆಯಬೇಕಾಗಿತ್ತು. ಏಣಿ ಹೊತ್ತ ಒಬ್ಬ ಕೆಲಸಗಾರನೊಡನೆ ಕೋಪನ್‌ಹೇಗನ್ನಿನ ಬೀದಿಗಳಲ್ಲಿ ನಡೆದು, ಮ್ಯಾನ್‌ಹೋಲುಗಳೊಳಗೆ ಇಳಿಯುತ್ತಿದ್ದ ಈ ಗಣಿತಜ್ಞರು ನಗರದ ಜನರಿಗೆ ಪರಿಚಿತ ದೃಶ್ಯವಾಗಿದ್ದರು.

ವಿನಿಮಯ ಕೇಂದ್ರದ ಸಮಸ್ಯೆ

ಅಂದಿನ ದೂರವಾಣಿ ವಿನಿಮಯ ಕೇಂದ್ರಗಳು ಕೈಯಿಂದ ನಡೆಯುತ್ತಿದ್ದವು. ಗ್ರಾಹಕರು ರಿಸೀವರ್ ಎತ್ತಿದರೆ ಕೇಂದ್ರದಲ್ಲಿ ಆಪರೇಟರ್ ಅದನ್ನು ಗಮನಿಸಿ, ಕೇಳಿದ ಸಂಖ್ಯೆಯ ಲೈನಿಗೆ ತಂತಿಯನ್ನು ಚುಚ್ಚಿ ಜೋಡಿಸುತ್ತಿದ್ದರು. ಎರಡು ಕೇಂದ್ರಗಳ ನಡುವೆ ಎಷ್ಟು ಲೈನುಗಳನ್ನು ಎಳೆಯಬೇಕು, ಒಂದು ಪಾಳಿಯಲ್ಲಿ ಎಷ್ಟು ಮಂದಿ ಆಪರೇಟರುಗಳಿರಬೇಕು ಎಂಬುದು ಕಂಪನಿಯ ಮುಂದಿದ್ದ ಪ್ರಶ್ನೆ. ಕಡಿಮೆಯಾದರೆ ಗ್ರಾಹಕರಿಗೆ ಲೈನು ಸಿಗುವುದಿಲ್ಲ. ವೈದ್ಯರನ್ನು ಕರೆಯಬೇಕಾದವರೂ ಅಗ್ನಿಶಾಮಕ ದಳವನ್ನು ಕರೆಯಬೇಕಾದವರೂ ಕಾಯುತ್ತ ನಿಲ್ಲುತ್ತಾರೆ. ಹೆಚ್ಚಾದರೆ ತಾಮ್ರದ ತಂತಿಗೂ ಸಂಬಳಕ್ಕೂ ಸುರಿದ ಹಣ ವ್ಯರ್ಥವಾಗುತ್ತದೆ.

ಇದನ್ನು ನಿರ್ಧರಿಸಲು ಮೊದಲು ಹೊರೆ ಎಷ್ಟೆಂದು ತಿಳಿಯಬೇಕು. ಕೈಯಿಂದ ನಡೆಯುವ ಕೇಂದ್ರಗಳಲ್ಲಿ ಪ್ರತಿ ಕರೆಗೊಮ್ಮೆ ಆಪರೇಟರ್ ಒಂದು ಗುರುತು ಹಾಕಿ ಎಣಿಕೆ ಇಡುವ ಕ್ರಮವಿತ್ತು. ಇದರಲ್ಲಿ ಒಂದು ತೊಡಕಿದೆ. ಎಣಿಕೆ ಅತ್ಯಗತ್ಯವಾಗುವುದು ಕರೆಗಳು ಮುಗಿಬೀಳುವ ಗಂಟೆಯಲ್ಲಿ. ಆ ಗಂಟೆಯಲ್ಲಿಯೇ ಆಪರೇಟರಿನ ಕೈಗೆ ಬಿಡುವಿಲ್ಲ. ಗುರುತು ಹಾಕಲು ತಗಲುವ ಅರೆಗಳಿಗೆಯೂ ಮುಂದಿನ ಕರೆಯ ಸಮಯವನ್ನು ನುಂಗುತ್ತದೆ. ಅಳತೆ ಮಾಡುವ ಕೆಲಸವೇ ಅಳೆಯಬೇಕಾದ ವಸ್ತುವನ್ನು ಬದಲಿಸಿಬಿಡುತ್ತದೆ.

ಮಾಪನವಿಲ್ಲದೆ ಯಾವ ಗಣಿತವೂ ನಡೆಯದು. ಆದರೆ ಯಾವುದನ್ನು ಅಳೆದರೆ ಸಾಕು, ಯಾವುದನ್ನು ಅಳೆಯದೆ ಲೆಕ್ಕದಿಂದಲೇ ಪಡೆಯಬಹುದು ಎಂಬ ಗೆರೆಯನ್ನು ಎರ್ಲಾಂಗ್ ಅವರ ಕೆಲಸ ಸ್ಪಷ್ಟವಾಗಿ ಎಳೆದು ತೋರಿಸಿತು.

1909ರ ಲೇಖನ

ಸಂಭವನೀಯತೆಯ ಸಿದ್ಧಾಂತ ಮತ್ತು ದೂರವಾಣಿ ಸಂಭಾಷಣೆಗಳನ್ನು ಕುರಿತ ಎರ್ಲಾಂಗ್ ಅವರ ಮೊದಲ ಪ್ರಮುಖ ಲೇಖನ 1909ರಲ್ಲಿ ಡೇನಿಷ್ ಭಾಷೆಯ ಗಣಿತ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಗ್ರಾಹಕರು ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ತಮ್ಮಿಷ್ಟದ ಗಳಿಗೆಯಲ್ಲಿ ಕರೆ ಮಾಡುತ್ತಾರೆ ಎಂದಾದರೆ, ನಿರ್ದಿಷ್ಟ ಅವಧಿಯಲ್ಲಿ ಬರುವ ಕರೆಗಳ ಸಂಖ್ಯೆ ಪಾಯ್ಸಾನ್ ವಿತರಣೆಯನ್ನು ಅನುಸರಿಸುತ್ತದೆ ಎಂದು ಅವರು ತೋರಿಸಿದರು. ಈ ವಿತರಣೆಯ ವಿಶೇಷವೆಂದರೆ ಸರಾಸರಿ ಎಂಬ ಒಂದೇ ಸಂಖ್ಯೆ ತಿಳಿದರೆ ಉಳಿದುದೆಲ್ಲ ತಾನಾಗಿ ದೊರೆಯುತ್ತದೆ.

ಉದಾಹರಣೆಗೆ, ಗಂಟೆಗೆ 60 ಕರೆಗಳು ಬರುವ ಕೇಂದ್ರವನ್ನು ಊಹಿಸಿಕೊಳ್ಳಬಹುದು. ಎರಡು ನಿಮಿಷಕ್ಕೆ ಸರಾಸರಿ 2 ಕರೆಗಳಾದವು. ಆದರೆ ಯಾವುದೋ ಎರಡು ನಿಮಿಷದಲ್ಲಿ ಒಂದೂ ಕರೆ ಬಾರದಿರುವ ಸಂಭವ ಶೇಕಡಾ 13.5ರಷ್ಟಿದೆ, ಐದು ಅಥವಾ ಅದಕ್ಕಿಂತ ಹೆಚ್ಚು ಕರೆಗಳು ಒಟ್ಟಿಗೆ ಬಂದು ಬೀಳುವ ಸಂಭವ ಶೇಕಡಾ 5.3ರಷ್ಟಿದೆ. ಸರಾಸರಿಯನ್ನಷ್ಟೇ ನಂಬಿ ಎರಡು ಲೈನುಗಳನ್ನು ಇಟ್ಟವರು ಮೋಸಹೋಗುತ್ತಾರೆ. ಇಷ್ಟನ್ನು ತಿಳಿಯಲು ಪ್ರತಿ ಎರಡು ನಿಮಿಷದ ದಾಖಲೆಯನ್ನು ಇಡಬೇಕಾಗಿಲ್ಲ. ಗಂಟೆಯ ಒಟ್ಟು ಸಂಖ್ಯೆಯೊಂದು ಸಾಕು.

ಇದೇ ಲೇಖನದಲ್ಲಿ ಕಾಯುವ ಸಮಯದ ಲೆಕ್ಕವೂ ಇದೆ. ಒಬ್ಬರೇ ಸೇವೆ ನೀಡುವವರಿದ್ದು, ಪ್ರತಿ ಸೇವೆಗೂ ಒಂದೇ ಅವಧಿ ಹಿಡಿಯುತ್ತದೆ ಎಂದಿಟ್ಟುಕೊಂಡರೆ, ಸರಾಸರಿ ಕಾಯುವ ಸಮಯವು ಹೊರೆಯ ಪ್ರಮಾಣದೊಂದಿಗೆ ಹೇಗೆ ಏರುತ್ತದೆ ಎಂಬುದನ್ನು ಎರ್ಲಾಂಗ್ ನಿರೂಪಿಸಿದರು. ಸೇವೆ ನೀಡುವವರು ಅರ್ಧ ಸಮಯ ಮಾತ್ರ ಕೆಲಸದಲ್ಲಿ ತೊಡಗಿದ್ದರೆ, ಬಂದವರು ಸರಾಸರಿ ಒಂದು ಸೇವೆಯ ಅರ್ಧದಷ್ಟು ಹೊತ್ತು ಕಾಯುತ್ತಾರೆ. ಹೊರೆ ಶೇಕಡಾ 80ಕ್ಕೆ ಏರಿದರೆ ಎರಡು ಸೇವೆಗಳಷ್ಟು ಹೊತ್ತು, ಶೇಕಡಾ 90ಕ್ಕೆ ಏರಿದರೆ ನಾಲ್ಕೂವರೆ ಸೇವೆಗಳಷ್ಟು ಹೊತ್ತು ಕಾಯಬೇಕಾಗುತ್ತದೆ. ಶೇಕಡಾ 95ರಲ್ಲಿ ಅದು ಒಂಬತ್ತೂವರೆ ಸೇವೆಗಳಷ್ಟಾಗುತ್ತದೆ. ಕೊನೆಯ ಐದು ಶೇಕಡಾ ಹೊರೆ ಕಾಯುವಿಕೆಯನ್ನು ಇಮ್ಮಡಿಗಿಂತ ಹೆಚ್ಚಿಸಿದೆ ಎಂಬುದನ್ನು ಓದುಗರು ಗಮನಿಸಬೇಕು. ಈ ಲೇಖನದ ಮುಂದಿನ ಭಾಗದಲ್ಲಿ ಈ ಸಂಖ್ಯೆ ಮತ್ತೆ ಬೇಕಾಗುತ್ತದೆ.

1917ರ ಲೇಖನ ಮತ್ತು ಎರ್ಲಾಂಗ್ ಸೂತ್ರಗಳು

ಯಂತ್ರಗಳೇ ಲೈನು ಜೋಡಿಸುವ ಸ್ವಯಂಚಾಲಿತ ಕೇಂದ್ರಗಳ ಯುಗ ಆರಂಭವಾಗುತ್ತಿದ್ದಾಗ, 1917ರಲ್ಲಿ, ಎರ್ಲಾಂಗ್ ತಮ್ಮ ಅತ್ಯಂತ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದರು. ಅದರಲ್ಲಿ ಎರಡು ಸನ್ನಿವೇಶಗಳಿಗೆ ಸೂತ್ರಗಳಿವೆ. ಎಲ್ಲ ಲೈನುಗಳೂ ತುಂಬಿದ್ದಾಗ ಬಂದ ಕರೆ ತಿರಸ್ಕೃತವಾಗುವುದು ಮೊದಲನೆಯದು. ಲೈನು ಖಾಲಿಯಾಗುವವರೆಗೆ ಕರೆ ಸರದಿಯಲ್ಲಿ ಕಾಯುವುದು ಎರಡನೆಯದು. ಇವುಗಳನ್ನು ಈಗ ಕ್ರಮವಾಗಿ ಎರ್ಲಾಂಗ್ ಬಿ ಮತ್ತು ಎರ್ಲಾಂಗ್ ಸಿ ಸೂತ್ರಗಳೆಂದು ಕರೆಯುತ್ತಾರೆ. ಬ್ರಿಟಿಷ್ ಅಂಚೆ ಇಲಾಖೆ ತನ್ನ ಕೇಂದ್ರಗಳ ವಿನ್ಯಾಸಕ್ಕೆ ಎರ್ಲಾಂಗ್ ಅವರ ಸೂತ್ರವನ್ನು ಸ್ವೀಕರಿಸಿತು.

ಸೂತ್ರಕ್ಕೆ ಬೇಕಾದ ಮುಖ್ಯ ಸಂಖ್ಯೆ ಹೊರೆ. ಒಂದು ಗಂಟೆಯಲ್ಲಿ ಬರುವ ಕರೆಗಳನ್ನು ಒಂದು ಕರೆಯ ಸರಾಸರಿ ಅವಧಿಯಿಂದ ಗುಣಿಸಿದರೆ ಅದು ದೊರೆಯುತ್ತದೆ. ಗಂಟೆಗೆ 60 ಕರೆಗಳು, ತಲಾ 2 ನಿಮಿಷ ಎಂದರೆ ಒಟ್ಟು 120 ನಿಮಿಷಗಳ ಮಾತುಕತೆ, ಅಂದರೆ ಒಂದು ಗಂಟೆಗೆ ಎರಡು ಗಂಟೆಗಳ ಮಾತುಕತೆ. ಇದೇ ಇಂದಿನ ಅಳತೆಯಲ್ಲಿ 2 ಎರ್ಲಾಂಗ್. ಯಾವ ಗಳಿಗೆಯಲ್ಲಿ ನೋಡಿದರೂ ಸರಾಸರಿ ಎರಡು ಲೈನುಗಳಲ್ಲಿ ಮಾತು ನಡೆದಿರುತ್ತದೆ ಎಂಬುದು ಇದರ ಇನ್ನೊಂದು ಅರ್ಥ.

ಇಷ್ಟು ಹೊರೆಗೆ ಎರಡೇ ಲೈನುಗಳನ್ನು ಇಟ್ಟರೆ ನೂರಕ್ಕೆ 40 ಕರೆಗಳು ತಿರಸ್ಕೃತವಾಗುತ್ತವೆ ಎಂದು ಬಿ ಸೂತ್ರ ಹೇಳುತ್ತದೆ. ನಾಲ್ಕು ಲೈನುಗಳಿಟ್ಟರೆ ಈ ಪ್ರಮಾಣ ಶೇಕಡಾ 9.5ಕ್ಕೂ, ಆರು ಇಟ್ಟರೆ ಶೇಕಡಾ 1.2ಕ್ಕೂ ಇಳಿಯುತ್ತದೆ. ಶೇಕಡಾ ಒಂದಕ್ಕಿಂತ ಕಡಿಮೆಯಾಗಬೇಕಾದರೆ ಏಳು ಲೈನುಗಳು ಬೇಕು. ಇಂತಹ ಐದು ಗುಂಪುಗಳನ್ನು ಬೇರೆಬೇರೆಯಾಗಿ ನಡೆಸಿದರೆ ಒಟ್ಟು 35 ಲೈನುಗಳಾಗುತ್ತವೆ. ಐದೂ ಗುಂಪುಗಳ ಹೊರೆಯನ್ನು ಒಂದೇ ಕಡೆ ಸೇರಿಸಿ 10 ಎರ್ಲಾಂಗ್ ಮಾಡಿದರೆ ಅದೇ ಗುಣಮಟ್ಟಕ್ಕೆ 18 ಲೈನುಗಳು ಸಾಕು. ತಾಮ್ರದ ಬೆಲೆ ಬಲ್ಲ ಕಂಪನಿಗಳಿಗೆ ಇಂತಹ ಲೆಕ್ಕದ ಬೆಲೆಯೂ ತಿಳಿದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಬಿ ಸೂತ್ರಕ್ಕೆ ಇನ್ನೊಂದು ಗುಣವಿದೆ. ಕರೆಗಳಲ್ಲಿ ಕೆಲವು ಅರ್ಧ ನಿಮಿಷ, ಕೆಲವು ಹತ್ತು ನಿಮಿಷ ನಡೆದರೂ, ಸರಾಸರಿ ಅವಧಿ ಬದಲಾಗದಿದ್ದರೆ ಉತ್ತರ ಬದಲಾಗುವುದಿಲ್ಲ. ಇದರ ಸಂಪೂರ್ಣ ಗಣಿತೀಯ ಸಾಧನೆಯನ್ನು ರಷ್ಯದ ಸೆವಸ್ತ್ಯಾನೋವ್ 1957ರಲ್ಲಿ ನೀಡಿದರು. ಪ್ರತಿ ಕರೆಯ ಅವಧಿಯನ್ನೂ ಬರೆದಿಡುವ ಅಗತ್ಯವೇ ಇಲ್ಲ ಎಂಬುದು ಇದರ ವ್ಯಾವಹಾರಿಕ ಅರ್ಥ. ಕಾಯುವ ಸರದಿಗೆ ಸಂಬಂಧಿಸಿದ ಸಿ ಸೂತ್ರಕ್ಕೆ ಈ ಗುಣವಿಲ್ಲ. ಎರಡನ್ನೂ ಒಂದೇ ಎಂದು ಭಾವಿಸುವುದು ವಿದ್ಯಾರ್ಥಿಗಳಲ್ಲಿ ಕಂಡುಬರುವ ಸಾಮಾನ್ಯ ತಪ್ಪು.

ಎರ್ಲಾಂಗ್ ಅವರ ಬರವಣಿಗೆ ಬಹಳ ಸಂಕ್ಷಿಪ್ತ. ಎಷ್ಟೋ ಕಡೆ ಸಾಧನೆಯ ಹಂತಗಳನ್ನು ಬಿಟ್ಟು ಫಲಿತಾಂಶವನ್ನಷ್ಟೇ ಕೊಟ್ಟಿದ್ದಾರೆ. ಅಧ್ಯಾಪಕ ವೃತ್ತಿಯಿಂದ ಬಂದವರು ಇಷ್ಟು ಬಿಗಿಯಾಗಿ ಬರೆದದ್ದು ವಿಚಿತ್ರವೇ ಸರಿ. ಅವರ ಲೇಖನಗಳನ್ನು ಮೂಲದಲ್ಲಿ ಓದಲು ಅಮೆರಿಕದ ಬೆಲ್ ದೂರವಾಣಿ ಪ್ರಯೋಗಾಲಯದ ಸಂಶೋಧಕರೊಬ್ಬರು ಡೇನಿಷ್ ಭಾಷೆಯನ್ನೇ ಕಲಿತರೆಂದು ಹೇಳಲಾಗುತ್ತದೆ.

ಇತರ ಕೆಲಸಗಳು

ಸಂಖ್ಯಾ ಕೋಷ್ಟಕಗಳಲ್ಲಿ ಎರ್ಲಾಂಗ್ ಅವರಿಗೆ ವಿಶೇಷ ಆಸಕ್ತಿಯಿತ್ತು. ಬೋಧನೆಗೂ ದಿನಬಳಕೆಗೂ ಒದಗುವ ಲಾಗರಿದಮ್ ಕೋಷ್ಟಕಗಳನ್ನು ಸಿದ್ಧಪಡಿಸಿದ್ದರು. ಪರ್ಯಾಯ ವಿದ್ಯುತ್ತನ್ನು ನಿಖರವಾಗಿ ಅಳೆಯುವ ಸಾಧನವೊಂದನ್ನೂ ರೂಪಿಸಿದರು. ಸಂಭವನೀಯತೆಯಲ್ಲಿ ಇಂದು ಎರ್ಲಾಂಗ್ ವಿತರಣೆ ಎಂದು ಕರೆಯಲಾಗುವುದು ಕರೆಯ ಅವಧಿಯನ್ನು ಕಾಲ್ಪನಿಕ ಹಂತಗಳಾಗಿ ಒಡೆದು ನೋಡಿದ ಅವರ ವಿಧಾನದಿಂದ ಬಂದದ್ದು.

ಡೇಟಾಬೇಸ್ ಸರ್ವರುಗಳ ಮಾಪನದಲ್ಲಿ ಎರ್ಲಾಂಗ್ ವಿಧಾನ

ಎರ್ಲಾಂಗ್ ಅವರ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ. ಆದರೂ ಇಂದಿನ ಡೇಟಾಬೇಸ್ ಸರ್ವರ್ ಗಣಿತದ ದೃಷ್ಟಿಯಿಂದ ಒಂದು ವಿನಿಮಯ ಕೇಂದ್ರವೇ. ರೈಲ್ವೆ ಟಿಕೆಟ್ ಕಾದಿರಿಸುವಾಗ, ಬ್ಯಾಂಕಿನ ಖಾತೆಯಲ್ಲಿ ಉಳಿದ ಹಣವನ್ನು ನೋಡುವಾಗ, ಪರೀಕ್ಷಾ ಫಲಿತಾಂಶವನ್ನು ಹುಡುಕುವಾಗ ಬಳಕೆದಾರರ ಪರವಾಗಿ ಒಂದು ಕ್ವೆರಿ ಸರ್ವರಿಗೆ ಹೋಗುತ್ತದೆ. ಕ್ವೆರಿ ಎಂದರೆ ಕರೆ. ಅದನ್ನು ಪೂರೈಸಲು ಹಿಡಿಯುವ ಮಿಲಿಸೆಕೆಂಡುಗಳು ಕರೆಯ ಅವಧಿ. ಸರ್ವರಿಗೆ ಜೋಡಿಸುವ ಸಂಪರ್ಕಗಳು ಲೈನುಗಳು. ಸೆಕೆಂಡಿಗೆ ಮುಗಿಯುವ ಕ್ವೆರಿಗಳ ಸಂಖ್ಯೆಯನ್ನು ಥ್ರೂಪುಟ್ ಎನ್ನುತ್ತಾರೆ.

ಥ್ರೂಪುಟ್ ಅಳೆಯಲು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಬಂದ ಪ್ರತಿ ಕ್ವೆರಿಯನ್ನೂ, ಅದರ ಆರಂಭ ಮತ್ತು ಅಂತ್ಯದ ಸಮಯವನ್ನೂ ಒಂದು ಕಡತದಲ್ಲಿ ಬರೆದಿಡುವುದು. ಇದು ಆಪರೇಟರ್ ಪ್ರತಿ ಕರೆಗೂ ಗುರುತು ಹಾಕಿದಂತೆ. ಬರೆಯುವ ಕೆಲಸಕ್ಕೆ ಪ್ರೊಸೆಸರಿನ ಸಮಯವೂ ಡಿಸ್ಕಿನ ಸಮಯವೂ ಖರ್ಚಾಗುತ್ತವೆ. ಈ ಖರ್ಚು ಚಿಕ್ಕದೆಂದು ತೋರಬಹುದು. 1909ರ ಸೂತ್ರದಿಂದ ಅದರ ನಿಜವಾದ ಪರಿಣಾಮ ತಿಳಿಯುತ್ತದೆ. ದಾಖಲಾತಿಯಿಂದ ಪ್ರತಿ ಕ್ವೆರಿಯ ಸಮಯ ಶೇಕಡಾ 5ರಷ್ಟು ಹೆಚ್ಚಿತು ಎಂದಿಟ್ಟುಕೊಳ್ಳೋಣ. ಸರ್ವರಿನ ಹೊರೆ ಶೇಕಡಾ 50ರಷ್ಟಿದ್ದರೆ ಅದು ಶೇಕಡಾ 52.5 ಆಗುತ್ತದೆ, ಕಾಯುವ ಸಮಯ 0.50ರಿಂದ 0.58 ಸೇವೆಗಳಷ್ಟಾಗುತ್ತದೆ, ಯಾರ ಗಮನಕ್ಕೂ ಬಾರದು. ಹೊರೆ ಶೇಕಡಾ 90ರಷ್ಟಿದ್ದರೆ ಅದು ಶೇಕಡಾ 94.5ಕ್ಕೆ ಏರುತ್ತದೆ, ಕಾಯುವ ಸಮಯ ಮೂಲ ಸೇವೆಯ ನಾಲ್ಕೂವರೆ ಪಟ್ಟಿನಿಂದ ಒಂಬತ್ತು ಪಟ್ಟಿಗೆ ಜಿಗಿಯುತ್ತದೆ. ರಾತ್ರಿಯ ಹೊತ್ತು ಪರೀಕ್ಷಿಸಿ ನೋಡಿ, ದಾಖಲಾತಿಯಿಂದ ತೊಂದರೆಯಿಲ್ಲವೆಂದು ನಿರ್ಧರಿಸಿದವರಿಗೆ ಮರುದಿನ ಬೆಳಗಿನ ನೂಕುನುಗ್ಗಲಿನಲ್ಲಿ ಸರ್ವರ್ ಏಕೆ ಕುಸಿಯಿತೆಂಬುದಕ್ಕೆ ಉತ್ತರ ಇಲ್ಲಿದೆ. ಒಂದೇ ಸೇವಾಕೇಂದ್ರದ ಈ ಲೆಕ್ಕ ನಿಜವಾದ ಸರ್ವರಿಗಿಂತ ಸರಳವಾದದ್ದು. ಆದರೆ ಏರಿಕೆಯ ಸ್ವರೂಪ ಅಲ್ಲಿಯೂ ಇದೇ.

ಅಡ್ಡಿಯಾಗದಂತೆ ಅಳೆಯುವ ವಿಧಾನ ಎರಡು ಸಂಖ್ಯೆಗಳ ಮೇಲೆ ನಿಂತಿದೆ. ಮೊದಲನೆಯದು ಎಣಿಕೆ. ಬಹುತೇಕ ಡೇಟಾಬೇಸ್ ತಂತ್ರಾಂಶಗಳು ತಾವು ಆರಂಭವಾದಂದಿನಿಂದ ಪೂರೈಸಿದ ಕೆಲಸದ ಮೊತ್ತವನ್ನು ತಮ್ಮೊಳಗೇ ಇಟ್ಟುಕೊಂಡಿರುತ್ತವೆ. ಮೈಎಸ್‌ಕ್ಯೂಎಲ್ ಕ್ವೆರಿಗಳ ಮೊತ್ತವನ್ನು ಇಡುತ್ತದೆ; ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಪೂರ್ಣಗೊಂಡ ವಹಿವಾಟುಗಳ ಮೊತ್ತವನ್ನು ಇಡುತ್ತದೆ. ಮನೆಯ ವಿದ್ಯುತ್ ಮೀಟರನ್ನು ತಿಂಗಳಿಗೊಮ್ಮೆ ಓದಿ ಹಿಂದಿನ ಅಂಕಿಯನ್ನು ಕಳೆಯುವಂತೆ, ಈ ಮೊತ್ತವನ್ನು ಎರಡು ಬಾರಿ ಓದಿ, ವ್ಯತ್ಯಾಸವನ್ನು ನಡುವಿನ ಸೆಕೆಂಡುಗಳಿಂದ ಭಾಗಿಸಿದರೆ ಥ್ರೂಪುಟ್ ಸಿಗುತ್ತದೆ. ಸೆಕೆಂಡಿಗೆ ನೂರು ಕ್ವೆರಿ ಬರಲಿ, ಹತ್ತು ಸಾವಿರ ಬರಲಿ, ಮೀಟರ್ ಓದುವ ಖರ್ಚು ಒಂದೇ.

ಎರಡನೆಯದು ಇಣುಕುನೋಟ. ಸೆಕೆಂಡಿಗೊಮ್ಮೆ ಸರ್ವರಿನೊಳಗೆ ಇಣುಕಿ, ಆ ಗಳಿಗೆಯಲ್ಲಿ ಎಷ್ಟು ಕ್ವೆರಿಗಳು ನಡೆಯುತ್ತಿವೆ ಎಂದಷ್ಟೇ ಎಣಿಸಬೇಕು. ಇವುಗಳ ಸರಾಸರಿಯೇ ಎರ್ಲಾಂಗ್ ಮಾನದಲ್ಲಿ ಸರ್ವರಿನ ಹೊರೆ. ಒರಾಕಲ್ ಡೇಟಾಬೇಸಿನಲ್ಲಿ ಸಕ್ರಿಯ ಸಂಪರ್ಕಗಳನ್ನು ಸೆಕೆಂಡಿಗೊಮ್ಮೆ ಹೀಗೆ ದಾಖಲಿಸುವ ವ್ಯವಸ್ಥೆಯಿದೆ.

ಈಗ ಎರಡನ್ನೂ ಕೂಡಿಸಬಹುದು. ಒಂದು ನಿಮಿಷದಲ್ಲಿ ಮೀಟರಿನ ಅಂಕಿ 24,000 ಏರಿದರೆ ಥ್ರೂಪುಟ್ ಸೆಕೆಂಡಿಗೆ 400. ಅದೇ ನಿಮಿಷದ 60 ಇಣುಕುನೋಟಗಳಲ್ಲಿ ಒಟ್ಟು 120 ಸಕ್ರಿಯ ಕ್ವೆರಿಗಳು ಕಂಡುಬಂದರೆ ಹೊರೆ 2 ಎರ್ಲಾಂಗ್. ಹೊರೆಯನ್ನು ಥ್ರೂಪುಟ್‌ನಿಂದ ಭಾಗಿಸಿದರೆ 0.005 ಸೆಕೆಂಡು, ಅಂದರೆ ಒಂದು ಕ್ವೆರಿಗೆ ಸರಾಸರಿ ಸುಮಾರು 5 ಮಿಲಿಸೆಕೆಂಡು. ಒಂದೇ ಒಂದು ಕ್ವೆರಿಗೂ ಗಡಿಯಾರ ಹಿಡಿಯದೆ ಅವುಗಳ ಸರಾಸರಿ ಅವಧಿ ದೊರೆಯಿತು. ಹೊರೆ, ದರ ಮತ್ತು ಅವಧಿಗಳ ಈ ಸಂಬಂಧಕ್ಕೆ ಸಾರ್ವತ್ರಿಕ ಸಾಧನೆಯನ್ನು ಕೊಟ್ಟವರು ಅಮೆರಿಕದ ಜಾನ್ ಲಿಟ್ಲ್, 1961ರಲ್ಲಿ. ಅದರ ಹೆಸರು ಲಿಟ್ಲ್ ನಿಯಮ.

ಸಂಪರ್ಕಗಳ ಸಂಖ್ಯೆಯನ್ನು ನಿರ್ಧರಿಸಲು ಸಿ ಸೂತ್ರ ಒದಗುತ್ತದೆ. 2 ಎರ್ಲಾಂಗ್ ಹೊರೆಗೆ ಮೂರು ಸಂಪರ್ಕಗಳಿಟ್ಟರೆ ಶೇಕಡಾ 44ರಷ್ಟು ಕ್ವೆರಿಗಳು ಸರದಿಯಲ್ಲಿ ಕಾಯುತ್ತವೆ, ನಾಲ್ಕಿಟ್ಟರೆ ಶೇಕಡಾ 17, ಆರಿಟ್ಟರೆ ಶೇಕಡಾ 2ಕ್ಕಿಂತ ಕಡಿಮೆ. ಇಲ್ಲಿ ಎಚ್ಚರ ಅಗತ್ಯ. ದೂರವಾಣಿಯಲ್ಲಿ ಒಬ್ಬರ ಮಾತು ಮತ್ತೊಬ್ಬರ ಮಾತನ್ನು ನಿಧಾನಗೊಳಿಸುವುದಿಲ್ಲ. ಡೇಟಾಬೇಸಿನಲ್ಲಿ ಎಲ್ಲ ಸಂಪರ್ಕಗಳೂ ಅದೇ ಡಿಸ್ಕಿಗೆ, ಅದೇ ಬೀಗಗಳಿಗೆ ಪೈಪೋಟಿ ನಡೆಸುತ್ತವೆ. ಆದ್ದರಿಂದ ಸಂಪರ್ಕಗಳನ್ನು ಹೆಚ್ಚಿಸುತ್ತ ಹೋದರೆ ಒಂದು ಹಂತದ ನಂತರ ಪ್ರತಿ ಕ್ವೆರಿಯ ಅವಧಿಯೇ ಹಿಗ್ಗುತ್ತದೆ, ಸೂತ್ರದ ಉತ್ತರ ಹೊಂದುವುದಿಲ್ಲ.

ಇಣುಕುನೋಟಕ್ಕೂ ಮಿತಿಗಳಿವೆ. ಅದು ಸರಾಸರಿಯನ್ನು ಕೊಡುತ್ತದೆ. ಎಲ್ಲೋ ಒಮ್ಮೆ ಬಂದುಹೋಗುವ ಕ್ವೆರಿಯನ್ನು ತೋರಿಸುವುದಿಲ್ಲ. 5 ಮಿಲಿಸೆಕೆಂಡಿನಲ್ಲಿ ಮುಗಿಯುವ ಒಂದು ಕ್ವೆರಿ ಸೆಕೆಂಡಿಗೊಮ್ಮೆ ನಡೆಯುವ ಇಣುಕುನೋಟಕ್ಕೆ ಸಿಕ್ಕುವ ಸಂಭವ 200ರಲ್ಲಿ ಒಂದು. ಪ್ರತಿ ನಿಮಿಷದ ಆರಂಭದಲ್ಲಿ ತಾನಾಗಿ ನಡೆಯುವ ಕೆಲಸವೊಂದಿದ್ದು, ಇಣುಕುವುದೂ ಅದೇ ಗಳಿಗೆಯಲ್ಲಾದರೆ ಹೊರೆ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಗ್ರಾಹಕರು ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಕರೆ ಮಾಡುತ್ತಾರೆ ಎಂಬ ಎರ್ಲಾಂಗ್ ಅವರ ಮೂಲ ಷರತ್ತು ಕೂಡ ಎಲ್ಲ ಕಡೆ ನಿಲ್ಲದು: ಫಲಿತಾಂಶ ಪ್ರಕಟವಾಗುವ ನಿಗದಿತ ಗಳಿಗೆಗೆ ಸಾವಿರಾರು ವಿದ್ಯಾರ್ಥಿಗಳು ಒಟ್ಟಿಗೆ ಮುಗಿಬೀಳುವಾಗ ಪಾಯ್ಸಾನ್ ವಿತರಣೆಯನ್ನು ನೆಚ್ಚಿಕೊಳ್ಳಲಾಗದು. ಅಂತಹ ದಿನಗಳಿಗೆ ಹೊರೆಯನ್ನು ಬೇರೆಯಾಗಿಯೇ ಅಂದಾಜು ಮಾಡಬೇಕು.

ವೈಯಕ್ತಿಕ ಜೀವನ

ಎರ್ಲಾಂಗ್ ವಿವಾಹವಾಗಲಿಲ್ಲ. ದುಡಿದುದರಲ್ಲಿ ಹೆಚ್ಚಿನ ಪಾಲು ಪುಸ್ತಕಗಳಿಗೂ ಪರೋಪಕಾರಕ್ಕೂ ಹೋಗುತ್ತಿತ್ತು. ಗಣಿತ, ಖಗೋಳಶಾಸ್ತ್ರ ಮತ್ತು ಭೌತಶಾಸ್ತ್ರಗಳ ದೊಡ್ಡ ಗ್ರಂಥಸಂಗ್ರಹ ಅವರಲ್ಲಿತ್ತು. ಕಷ್ಟದಲ್ಲಿದ್ದವರು ಅವರನ್ನು ಹುಡುಕಿಕೊಂಡು ಪ್ರಯೋಗಾಲಯಕ್ಕೇ ಬರುತ್ತಿದ್ದರು; ಸದ್ದಿಲ್ಲದೆ ಅವರಿಗೆ ನೆರವು ದೊರೆಯುತ್ತಿತ್ತು. ತಂಗಿ ಇಂಗೆಬೋರ್ಗ್ ಮಾನಸಿಕ ಅಸ್ವಸ್ಥ ಮಹಿಳೆಯರಿಗಾಗಿ ಆಶ್ರಯವೊಂದನ್ನು ನಡೆಸುತ್ತಿದ್ದರು.

ನಿಧನ

ಕಂಪನಿಯ ಸುಮಾರು ಇಪ್ಪತ್ತು ವರ್ಷಗಳ ಸೇವೆಯಲ್ಲಿ ಎರ್ಲಾಂಗ್ ಅನಾರೋಗ್ಯದ ಕಾರಣಕ್ಕೆ ರಜೆ ಪಡೆದದ್ದು ಇಲ್ಲವೆಂಬಷ್ಟು ಕಡಿಮೆ. 1929ರ ಜನವರಿಯಲ್ಲಿ ಹೊಟ್ಟೆನೋವಿನಿಂದ ಆಸ್ಪತ್ರೆಗೆ ದಾಖಲಾದರು. ಶಸ್ತ್ರಚಿಕಿತ್ಸೆ ನಡೆದರೂ ಚೇತರಿಸಿಕೊಳ್ಳಲಿಲ್ಲ. ಫೆಬ್ರುವರಿ 3ರಂದು, 51ನೆಯ ವಯಸ್ಸಿನಲ್ಲಿ, ನಿಧನ ಹೊಂದಿದರು.

ಗೌರವ ಮತ್ತು ಸ್ಮರಣೆ

ದೂರವಾಣಿ ಸಂಪರ್ಕದ ಅಂತರರಾಷ್ಟ್ರೀಯ ಸಲಹಾ ಸಮಿತಿ 1946ರಲ್ಲಿ ದಟ್ಟಣೆಯ ಅಳತೆಯ ಮಾನಕ್ಕೆ ಎರ್ಲಾಂಗ್ ಎಂಬ ಹೆಸರನ್ನು ಅಂಗೀಕರಿಸಿತು. 1948ರಲ್ಲಿ ಅವರ ಜೀವನ ಮತ್ತು ಕೃತಿಗಳನ್ನು ಒಳಗೊಂಡ ಇಂಗ್ಲಿಷ್ ಗ್ರಂಥ ಕೋಪನ್‌ಹೇಗನ್‌ನಲ್ಲಿ ಪ್ರಕಟವಾಯಿತು. ಡೇನಿಷ್ ಬಾರದ ಗಣಿತಜ್ಞರಿಗೆ ಅವರ ಎಲ್ಲ ಮುಖ್ಯ ಲೇಖನಗಳು ಒಂದೆಡೆ ದೊರೆತದ್ದು ಆಗ.

ಸ್ವೀಡನ್ನಿನ ಎರಿಕ್ಸನ್ ಕಂಪನಿಯ ಎಂಜಿನಿಯರುಗಳು 1986ರ ಸುಮಾರಿಗೆ ದೂರವಾಣಿ ಕೇಂದ್ರಗಳಿಗಾಗಿ ರೂಪಿಸತೊಡಗಿದ ಕಂಪ್ಯೂಟರ್ ಭಾಷೆಗೂ ಎರ್ಲಾಂಗ್ ಎಂದೇ ಹೆಸರು. ಅದು ಗಣಿತಜ್ಞರ ಸ್ಮರಣೆಯೂ ಹೌದು, ಎರಿಕ್ಸನ್ ಲ್ಯಾಂಗ್ವೇಜ್ ಎಂಬುದರ ಸಂಕ್ಷೇಪವೂ ಹೌದು. 1998ರಲ್ಲಿ ಈ ಭಾಷೆಯನ್ನು ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಲಾಯಿತು. ಕೌಚ್‌ಡಿಬಿ ಎಂಬ ಡೇಟಾಬೇಸ್ ಬಹುಮಟ್ಟಿಗೆ ಇದೇ ಭಾಷೆಯಲ್ಲಿ ಬರೆಯಲ್ಪಟ್ಟಿದೆ.